ಎದ್ದು ಕೂತ ಮಗಳನ್ನು ಮಲಗಿಸಿದ್ದು

ಬೆಳಗಿನ ಜಾವ ಐದು ಗಂಟೆ ಹತ್ತು ನಿಮಿಷಕ್ಕೆ ಬ್ಲೀಚಿಂಗ್ ಪೌಡರಿನ ವಾಸನೆ ಬಂತು. ನನಗೆ ಹಿತವಾಯಿತು. ಹೊತ್ತು ಇಷ್ಟು ಖಚಿತವಾಗಿ ಗೊತ್ತಿರುವುದು ಯಾಕೆಂದರೆ, ಎಚ್ಚರವಾದ ಕೂಡಲೇ ಮೊಬೈಲ್ ನೋಡಿ, ಇನ್ನೂ ಒಂದು ಗಂಟೆ ಮಲಗಬಹುದು ಎಂದುಕೊಂಡು ಅದನ್ನು ದಿಂಬಿನ ಕೆಳಗೆ ತಳ್ಳಿದೆ. ಆ ಹಿತಕ್ಕಾಗಿ ನಾನು ನನ್ನನ್ನು ಇವತ್ತಿಗೂ ಕ್ಷಮಿಸಿಲ್ಲ.

ಅದು ಯಾಕೆ ಹಿತವಾಯಿತು ಎಂದು ಮೊದಲೇ ಹೇಳಿಬಿಡಬೇಕು. ನಾನು ರೇಷ್ಮೆ ಹುಳು ಸಾಕುವ ಮನೆಯಲ್ಲಿ ಬೆಳೆದವಳು. ರಾಮನಗರದಿಂದ ಕನಕಪುರದ ಕಡೆ ಹೋಗುವಾಗ ಒಳಕ್ಕೆ ತಿರುಗಿದರೆ ನಮ್ಮೂರು. ಅಣ್ಣ ಅತ್ತಿಗೆಯ ಜೊತೆ ಅವ್ವ ಈಗಲೂ ಅಲ್ಲಿ ಹುಳು ಸಾಕುತ್ತಾಳೆ. ಗೂಡು ಬಿಡಿಸಿ ಮಾರುಕಟ್ಟೆಗೆ ಹಾಕಿದ ಮಾರನೆಯ ದಿನ ಹುಳುಮನೆಯ ತಟ್ಟೆ, ಸ್ಟ್ಯಾಂಡು, ನೆಲ, ಗೋಡೆ ಎಲ್ಲಕ್ಕೂ ಬ್ಲೀಚಿಂಗ್ ನೀರು ಬೀಳುತ್ತದೆ. ಹುಳು ಇರುವಾಗ ಬಾಗಿಲಲ್ಲಿ ಅದೇ ನೀರಿಗೆ ಕಾಲು ಅದ್ದದೆ ಮನೆಯ ಯಜಮಾನನೂ ಒಳಗೆ ಹೋಗುವಂತಿಲ್ಲ. ಹುಳುಮನೆಯ ಹತ್ತಿರ ಸುವಾಸನೆಗಳೆಲ್ಲ ಕೆಟ್ಟವು. ಊದುಬತ್ತಿ ಹಚ್ಚುವಂತಿಲ್ಲ, ಒಗ್ಗರಣೆ ಹೊಗೆ ಬರುವಂತಿಲ್ಲ, ಸೆಂಟು ಹಾಕಿಕೊಂಡು ಬಂದ ನೆಂಟರು ಅಂಗಳದಲ್ಲೇ ಕಾಫಿ ಕುಡಿದು ಹೋಗಬೇಕು. ಬ್ಲೀಚಿಂಗ್ ಪೌಡರ್ ಒಂದೇ ಒಳ್ಳೆಯ ವಾಸನೆ. ಅದು ಬಂದರೆ ರೋಗ ಹೋಯಿತು, ಮುಂದಿನ ಬೆಳೆ ಕೈಗೆ ಬರುತ್ತದೆ ಎಂದು ಅರ್ಥ. ಆ ವಾಸನೆಯ ಕೈಯಲ್ಲೇ ಅವ್ವ ನಮಗೆ ತಲೆ ಬಾಚಿದ್ದು, ತುತ್ತು ಕೊಟ್ಟಿದ್ದು.

ಇನ್ನೊಂದನ್ನೂ ಹೇಳಬೇಕು, ಅದು ನಾಚಿಕೆಯ ವಿಷಯ. ನಾನು ಬಿ.ಎಸ್ಸಿ., ಬಿ.ಎಡ್. ಮಾಡಿದವಳು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಬ್ಲೀಚಿಂಗ್ ಪೌಡರಿಗೆ ಆಸಿಡ್ ಬಿದ್ದರೆ ಕ್ಲೋರಿನ್ ಬರುತ್ತದೆ, ಅದು ಗಾಳಿಗಿಂತ ಎರಡೂವರೆ ಪಟ್ಟು ಭಾರ, ನೆಲಕ್ಕೆ ಇಳಿಯುತ್ತದೆ ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಬರೆದ ಮೇಲೆ ಕೆಳಗೆ ಎರಡು ಗೆರೆ ಎಳೆಯುತ್ತೇನೆ, ಪರೀಕ್ಷೆಗೆ ಬರುತ್ತದೆ ಎಂದು.

ನಾವು ಮಲಗಿದ್ದದ್ದು ನೆಲದ ಮೇಲೆ.

ಹಾರೋಹಳ್ಳಿ ದಾಟಿದ ಮೇಲೆ ಒಂದು ಬಂಡೆಗುಡ್ಡದ ತಪ್ಪಲಿನಲ್ಲಿ ಯಾರೋ ಖಾಸಗಿಯವರು ಮಾಡಿದ ಪ್ರಾಣಿ ಪಾರ್ಕು ಅದು. ಹೆಸರು ಬರೆಯುವುದಿಲ್ಲ, ದೂರಿನಲ್ಲಿ ಬರೆದಿದ್ದೇನೆ. ಎಮು, ಗಿಡ್ಡ ಕುದುರೆ, ಆಮೆ, ಬಣ್ಣದ ಗಿಳಿಗಳ ದೊಡ್ಡ ಪಂಜರ, ಮಧ್ಯದಲ್ಲಿ ಮೀನಿನ ಹಾಲ್. ಹಾಲಿನ ಒಂದು ಗೋಡೆ ಪೂರ್ತಿ ಗಾಜಿನ ತೊಟ್ಟಿ. ಅದರ ಮುಂದೆ ಹಾಸಿಗೆ ಹಾಸಿ ಕುಟುಂಬಗಳನ್ನು ಒಂದು ರಾತ್ರಿ ಮಲಗಿಸುತ್ತಾರೆ. ನನ್ನ ಏಳು ವರ್ಷದ ಮಗಳು ಇದನ್ನು ಅವರಪ್ಪನ ಫೋನಿನಲ್ಲಿ ನೋಡಿ ಎರಡು ತಿಂಗಳು ಪೀಡಿಸಿದ್ದಳು. ನನ್ನ ಗಂಡ ಬಿಡದಿಯ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸದವರು, ಒಂದು ಶನಿವಾರ ರಜೆ ಹೊಂದಿಸಿದರು. ಅವ್ವನಿಗೂ ಆಗಲೇ ಬಿಡುವು. ಗೂಡು ಮಾರಿಯಾಗಿತ್ತು, ಮನೆ ತೊಳೆದಾಗಿತ್ತು, ಮುಂದಿನ ಮರಿಹುಳು ಬರಲು ಹತ್ತು ದಿನವಿತ್ತು. ವರ್ಷದಲ್ಲಿ ಅವ್ವ ಮನೆ ಬಿಟ್ಟು ಹೊರಡುವುದು ಇಂಥ ಸಂದುಗಳಲ್ಲಿ ಮಾತ್ರ.

ಸಂಜೆ ಚೆನ್ನಾಗಿಯೇ ಇತ್ತು. ಅದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ. ತೊಟ್ಟಿಯ ಮುಂದೆ ನಿಂತು ಅವ್ವ, ಮೀನು ತೋರಿಸುತ್ತಿದ್ದ ಗೈಡನ್ನು ಕೇಳಿದಳು.

"ಎಷ್ಟೊತ್ತಿಗೊಂದ್ ಕಿತ ಮೇವು ಹಾಕ್ತೀರಪ್ಪ ಇವಕೆ?"

"ದಿನಕ್ಕೆ ಎರಡು ಸಲ ಅಜ್ಜಿ."

"ಅಷ್ಟೇಯಾ? ನಮ್ ಹುಳಾನೇ ವಾಸಿ ಬುಡು, ನಾಕ್ ಸಲ ಕೇಳ್ತವೆ. ಇವು ನಿಮ್ಗೆ ಸೋವಿ ಬಿದ್ದವೆ."

ಅಲ್ಲಿದ್ದ ಇನ್ನೂ ಮೂರು ಕುಟುಂಬದವರು ನಕ್ಕರು. ಊಟ ಆಯಿತು. ಒಂಬತ್ತೂವರೆಗೆ ಗೈಡು ನಮ್ಮನ್ನೆಲ್ಲ ಒಳಗೆ ಬಿಟ್ಟು ಶಟರ್ ಎಳೆದ. ಹೊರಗಿನಿಂದ ಬೀಗ ಬಿದ್ದ ಸದ್ದು ಕೇಳಿತು.

"ಬೀಗ ಯಾಕೆ?" ಎಂದರು ನನ್ನ ಗಂಡ, ಶಟರಿನ ಸಂದಿಯಲ್ಲಿ.

"ಸೇಫ್ಟಿಗೆ ಸರ್. ಗುಡ್ಡದ ಕಡೆಯಿಂದ ಚಿರತೆ ಬರ್ತವೆ. ಗೆಸ್ಟ್ ಯಾರೂ ಹೊರಗೆ ಓಡಾಡಬಾರ್ದು ಅಂತ."

ಅವ್ವ ಹಾಸಿಗೆಯ ಮೇಲಿಂದಲೇ ಹೇಳಿದಳು. "ಚಿರತೆ ನಮ್ಮೂರಿಗೂ ಬತ್ತದೆ ಕಣಪ್ಪ. ನಾಯಿ ಹೊತ್ಕಂಡ್ ಹೋಯ್ತದೆ. ಹಂಗಂತ ನಮ್ ಮನೆಗೆ ಹೊರಗ್ಲಿಂದ ಬೀಗ ಹಾಕ್ಸ್ಕತೀವಾ?"

ಮತ್ತೆ ಎಲ್ಲರೂ ನಕ್ಕರು. ನಾನೂ ನಕ್ಕೆ. ನನ್ನ ಗಂಡ ನಗಲಿಲ್ಲ. ಬೇರೆ ದಾರಿ ಎಲ್ಲಿದೆ ಎಂದು ಕೇಳಿದರು. ತೊಟ್ಟಿಯ ಪಕ್ಕದಲ್ಲಿ ಹಸಿರು ದೀಪವಿದೆಯಲ್ಲ, ಅದರ ಕೆಳಗಿನ ಬಾಗಿಲು ಸರ್, ಅದು ಪಂಪ್ ರೂಮಿಗೆ ಹೋಗುತ್ತೆ, ಅಲ್ಲಿಂದ ಹೊರಕ್ಕೆ, ಎಂದು ಉತ್ತರ ಬಂತು. ಇವರು ಹೋಗಿ ಆ ಬಾಗಿಲು ತೆರೆದು ಮುಚ್ಚಿ ನೋಡಿ ಬಂದರು. ಕಾರ್ಖಾನೆಯ ಅಭ್ಯಾಸ. "ಸಾಕು ಬನ್ರೀ, ಎಲ್ಲಾ ಕಡೆನೂ ನಿಮ್ಮ ಡ್ಯೂಟಿ" ಎಂದೆ ನಾನು.

ಬೆಳಿಗ್ಗೆ ಅನಿಲ ಬಂದದ್ದು ಆ ಬಾಗಿಲಿನಿಂದಲೇ.

ಐದು ಹದಿಮೂರೋ ಹದಿನಾಲ್ಕೋ ಇರಬೇಕು. ಮಗಳು ಎದ್ದು ಕೂತಳು.

"ಅಮ್ಮ, ಮೂಗು ಉರೀತಿದೆ. ಏಳಮ್ಮ."

"ಯಾರೋ ನೆಲ ತೊಳೀತಿದಾರೆ ಪುಟ್ಟ. ಮಲಕ್ಕೋ."

"ಇಲ್ಲಮ್ಮ, ಏಳು. ಹೊರಗೆ ಹೋಗೋಣ."

ನಾನು ಅಂಗೈಯನ್ನು ಅವಳ ಹಣೆಯ ಮೇಲಿಟ್ಟು ಹಿಂದಕ್ಕೆ ಒತ್ತಿದೆ. ತಲೆ ದಿಂಬಿಗೆ ತಾಗುವ ತನಕ ಒತ್ತಿದೆ. ಅವಳು ಮತ್ತೆ ಎದ್ದಳು. ಈ ಸಲ ಹೊದಿಕೆ ಎಳೆದು ಮುಖದ ತನಕ ಮುಚ್ಚಿ, ಮೇಲೆ ನನ್ನ ಕೈ ಇಟ್ಟೆ. ಜೋರಾಗಿ ಅಲ್ಲ. ಎಲ್ಲ ತಾಯಂದಿರೂ ಮಕ್ಕಳನ್ನು ಮಲಗಿಸುವಷ್ಟೇ ಜೋರು. ಆದರೆ ಎಷ್ಟು ಜೋರು ಎಂಬುದನ್ನು ಆಮೇಲೆ ನೂರು ಸಲ ನನ್ನ ಹಣೆಯ ಮೇಲೆ ನನ್ನದೇ ಕೈ ಇಟ್ಟು ಅಳೆದಿದ್ದೇನೆ.

ಅಷ್ಟರಲ್ಲಿ ಬೇರೆಯವರೂ ಕೆಮ್ಮತೊಡಗಿದ್ದರು. ಬೆಂಗಳೂರಿನಿಂದ ಬಂದಿದ್ದ ಒಬ್ಬ ಹೆಂಗಸು ಎದ್ದು ನಿಂತು, "ಏನ್ರೀ ಇದು, ಏನೋ ಲೀಕ್ ಆಗ್ತಿದೆಯಾ?" ಎಂದಳು. ಅವಳ ಗಂಡ ಚಪ್ಪಲಿ ಹುಡುಕುತ್ತಿದ್ದ. ಆ ಒಂದು ನಿಮಿಷದಲ್ಲಿ ಎಲ್ಲರೂ ಏಳುತ್ತಿದ್ದರು.

ಆಗ ಅವ್ವ ಮಾತಾಡಿದಳು.

"ಏನೂ ಆಗಕಿಲ್ಲ ಮಲಿಕಳ್ರವ್ವ. ಬ್ಲೀಚಿಂಗ್ ಪೌಡ್ರು ಅದು. ನಾವು ದಿನಾ ಅದ್ರಲ್ಲೇ ಬದುಕೋರು. ಬೆರಳುದ್ದದ ಹುಳಾನೇ ಸಾಯಕಿಲ್ಲ, ಮನುಸ್ರು ಸತ್ತಾರಾ? ಒಸಿ ಹೊತ್ತು ಮೂಗಿಗೆ ಸೆರಗು ಹಾಕ್ಕಳಿ, ಹೋಯ್ತದೆ."

ನಲವತ್ತು ವರ್ಷ ಹುಳುಮನೆ ಆಳಿದವಳ ದನಿ ಅದು. ಆ ದನಿ ಕೇಳಿದರೆ ಊರಿನಲ್ಲಿ ಸೊಪ್ಪು ಕೊಯ್ಯುವ ಆಳುಗಳು ಕೂಡ ಎದುರಾಡುವುದಿಲ್ಲ. ಆ ಹೆಂಗಸು ನನ್ನನ್ನು ನೋಡಿದಳು. ನಾನು ವಿಜ್ಞಾನದ ಟೀಚರ್ ಎಂದು ರಾತ್ರಿ ಊಟದಲ್ಲಿ ಹೇಳಿಕೊಂಡಿದ್ದೆ. "ಹೌದು, ಬ್ಲೀಚಿಂಗೇ" ಎಂದೆ. ಅವರು ಮಲಗಿದರು. ಎಲ್ಲರೂ ಮತ್ತೆ ಮಲಗಿದರು. ನನ್ನ ಗಂಡ ಶುಕ್ರವಾರ ರಾತ್ರಿ ಪಾಳಿ ಮುಗಿಸಿ ಬಂದಿದ್ದರು, ಅವರಿಗೆ ಎಚ್ಚರವೇ ಆಗಿರಲಿಲ್ಲ.

ಬರೀ ಬ್ಲೀಚಿಂಗ್ ಗಂಟಲಿನಿಂದ ಕೆಳಗೆ ಇಳಿಯುವುದಿಲ್ಲ. ಇದು ಇಳಿಯಿತು. ಎದೆಯೊಳಗೆ ಯಾರೋ ತಂತಿ ಬ್ರಷ್ ಹಾಕಿ ಉಜ್ಜಿದ ಹಾಗೆ. ಕಣ್ಣಿನಲ್ಲಿ ನೀರು ತುಂಬಿ ತೊಟ್ಟಿಯ ನೀಲಿ ಬೆಳಕು ಹರಡಿಕೊಂಡಿತು. ಅವ್ವ ಕೆಮ್ಮಲು ಶುರು ಮಾಡಿದಳು, ಕೆಮ್ಮು ನಿಲ್ಲಲಿಲ್ಲ. ಪಕ್ಕಕ್ಕೆ ಕೈ ಹಾಕಿದೆ. ಹೊದಿಕೆಯ ಕೆಳಗೆ ಮಗಳಿರಲಿಲ್ಲ.

ತೊಟ್ಟಿಯ ಉದ್ದಕ್ಕೂ ಮಕ್ಕಳು ಹತ್ತಿ ನಿಂತು ಮೀನು ನೋಡಲೆಂದು ಎತ್ತರದ ಕಲ್ಲಿನ ಕಟ್ಟೆಯೊಂದಿತ್ತು. ಅವಳು ಅದರ ಮೇಲೆ ಗಾಜಿಗೆ ಬೆನ್ನು ಕೊಟ್ಟು ನಿಂತಿದ್ದಳು. ಹಿಂದೆ ಒಂದು ದೊಡ್ಡ ಚಪ್ಪಟೆ ಮೀನು ಸಾವಕಾಶವಾಗಿ ಸರಿದು ಹೋಗುತ್ತಿತ್ತು.

"ಅಮ್ಮ, ಇಲ್ಲಿ ಮೇಲೆ ಕಮ್ಮಿ ಇದೆ" ಎಂದಳು. ಮಾತಿನ ಮಧ್ಯೆ ಅವಳ ಎದೆ ಸೀಟಿ ಹೊಡೆಯುತ್ತಿತ್ತು.

ಬೋರ್ಡಿನ ಮೇಲೆ ಬರೆದು ಎರಡು ಗೆರೆ ಎಳೆಯುತ್ತಿದ್ದ ವಾಕ್ಯ ನನಗೆ ಅರ್ಥವಾದದ್ದು ಆಗ. ಏಳು ವರ್ಷದವಳು ಹೇಳಿದ ಮೇಲೆ.

ಆಮೇಲಿನದೆಲ್ಲ ಚೂರುಚೂರಾಗಿ ನೆನಪಿದೆ. ಮಕ್ಕಳನ್ನು ಕಟ್ಟೆಯ ಮೇಲೆ ಹತ್ತಿಸಿ, ಯಾರೂ ಕೂರಬೇಡಿ ಎಂದು ಕೂಗಿದೆ. ನನ್ನ ಗಂಡನನ್ನು ಎಬ್ಬಿಸಿದೆ. ಅವರು ಒಂದು ಪ್ರಶ್ನೆಯನ್ನೂ ಕೇಳದೆ ಎದ್ದು ಹಸಿರು ದೀಪದ ಬಾಗಿಲಿಗೆ ಓಡಿದರು, ತೆರೆದರು, ಹಿಂದಕ್ಕೆ ಎಸೆದ ಹಾಗೆ ಬಂದು ಬಿದ್ದು ಕಾಲಿನಿಂದಲೇ ಬಾಗಿಲು ಒದ್ದು ಮುಚ್ಚಿದರು. ಕೆಳಗಿನ ಸಂದಿಗೆ ಹೊದಿಕೆಗಳನ್ನು ತುರುಕಿದೆವು. ಕುಡಿಯುವ ನೀರಿನಲ್ಲಿ ಟವಲ್ ಒದ್ದೆ ಮಾಡಿ ಮಕ್ಕಳ ಮುಖಕ್ಕೆ ಕಟ್ಟಿದೆವು. ಗಂಡಸರು ಶಟರ್ ಬಡಿದರು. ಪಾರ್ಕಿನವರು ನಮ್ಮ ಕೈಗೆ ಕಟ್ಟಿದ್ದ ಪಟ್ಟಿಯ ಮೇಲೆ ತುರ್ತು ನಂಬರ್ ಎಂದು ಅಚ್ಚಾಗಿತ್ತು. ಬೆಂಗಳೂರಿನವರು ಅದಕ್ಕೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು. ನಮ್ಮ ಕಚೇರಿಯ ಸಮಯ ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ, ಎಂದು ಒಂದು ಹೆಣ್ಣುದನಿ ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ ನಿಧಾನವಾಗಿ ಹೇಳಿತು. ಅದು ಮುಗಿಯುವ ತನಕ ನಾವೆಲ್ಲ ಕೇಳಿಸಿಕೊಂಡೆವು, ಕೊನೆಯಲ್ಲಿ ಬೇರೆ ಏನಾದರೂ ಹೇಳಬಹುದೇನೋ ಎಂದು.

ಅವ್ವ ನೆಲ ಬಿಟ್ಟು ಏಳಲಿಲ್ಲ. "ನೀವ್ ನಿತ್ಕಳಿ, ನಂದಾಯ್ತು" ಎಂದಳು. ಇವರು ಅವಳನ್ನು ಮೂಟೆಯ ಹಾಗೆ ಎತ್ತಿ ಕಟ್ಟೆಯ ಮೇಲೆ ನಿಲ್ಲಿಸಿದರು. ಅಳಿಯ ಅತ್ತೆಯನ್ನು ಮುಟ್ಟುವ ಪದ್ಧತಿ ನಮ್ಮಲ್ಲಿಲ್ಲ. ಆ ಗಳಿಗೆಯಲ್ಲೂ ಅವಳು ಸೆರಗು ಸರಿಮಾಡಿಕೊಂಡದ್ದನ್ನು ನೋಡಿದೆ.

ಶಟರ್ ಬಡಿಯಲು ಶುರು ಮಾಡಿ ಹದಿನಾಲ್ಕು ನಿಮಿಷ ಕಾದೆವು. ಬೀಗದ ಕೈ ಮ್ಯಾನೇಜರ್ ಮನೆಯಲ್ಲಿತ್ತು. ಕಾವಲುಗಾರ ದೂರದ ಬೋರ್‌ವೆಲ್ ಮೋಟರ್ ಹಾಕಲು ಹೋಗಿದ್ದ. ವಾಪಸ್ ಬರುವಾಗ ಬಡಿತ ಕೇಳಿ ಓಡಿದ, ಕೈ ತರಲು ಮತ್ತೆ ಓಡಿದ. ಶಟರ್ ಮೇಲೇರಿದಾಗ ಹೊರಗೆ ಬೆಳಕು ಹರಿಯತೊಡಗಿತ್ತು. ನಾವು ಹುಲ್ಲಿನ ಮೇಲೆ ಬಿದ್ದು ಕೆಮ್ಮುತ್ತಿರುವಾಗ ಮ್ಯಾನೇಜರ್ ಪಂಚೆ ಮೇಲೆ ಟೀ ಶರ್ಟ್ ಹಾಕಿಕೊಂಡು ಬಂದ. ಅವನ ಬಾಯಿಂದ ಬಂದ ಮೊದಲ ಮಾತು ಇದು. ಕಾವಲುಗಾರನಿಗೆ ಹೇಳಿದ್ದು.

"ಮೀನು ಹೆಂಗವೆ? ಆಕ್ಸಿಜನ್ ಪಂಪ್ ಆಫ್ ಆಗಿಲ್ಲ ತಾನೆ?"

ಮೀನುಗಳಿಗೆ ಏನೂ ಆಗಿರಲಿಲ್ಲ.

ನೆಲ ತೊಳೆಯುತ್ತಿದ್ದ ಹೆಂಗಸು ಹಿಂದಿನ ಬೇವಿನ ಮರದ ಕೆಳಗೆ ಕೂತು ವಾಂತಿ ಮಾಡುತ್ತಿದ್ದಳು. ಹತ್ತಿರದ ಹಳ್ಳಿಯವಳು, ಐವತ್ತು ದಾಟಿರಬಹುದು. ಅವಳು ಹೇಳಿದ್ದು ಇಷ್ಟು. ಪಂಪ್ ರೂಮಿನ ನೆಲದ ಕಲೆ ಹೋಗಬೇಕು, ಎಂಟಕ್ಕೆ ಯಾರೋ ನೋಡಲು ಬರುತ್ತಾರೆ ಎಂದು ಪಾರ್ಕಿನ ಮೇಲಿನವರು ರಾತ್ರಿಯೇ ಹೇಳಿದ್ದರು. ಪೌಡರ್ ಹಾಕಿ ಉಜ್ಜಿದಳು, ಹೋಗಲಿಲ್ಲ. "ಹೋಗ್ನಿಲ್ಲ ಅಂದ್ರೆ ಇದ ಹಾಕು ಅಂತ ಅವ್ರೇ ಬಾಟ್ಲಿ ಕೊಟ್ಟಿದ್ರು ಕಣವ್ವ. ಪೌಡ್ರು ಮ್ಯಾಲೇ ಸುರುದ್ಬುಟ್ಟೆ." ಬಾಟಲಿ ಅವಳ ಪಕ್ಕದಲ್ಲೇ ಇತ್ತು. ತಂಪು ಪಾನೀಯದ ಹಳೆಯ ಬಾಟಲಿ. ಒಳಗೆ ಆಸಿಡ್. ಮೇಲೆ ಒಂದು ಚೀಟಿಯೂ ಇಲ್ಲ.

ಅವತ್ತು ಮಧ್ಯಾಹ್ನದೊಳಗೆ ಅವಳನ್ನು ಕೆಲಸದಿಂದ ತೆಗೆದರು. ಬಾಟಲಿ ಕೊಟ್ಟವರನ್ನು ತೆಗೆಯಲಿಲ್ಲ.

ಆಸ್ಪತ್ರೆಯಲ್ಲಿ ಮಗಳು ಎರಡು ದಿನ ಆಕ್ಸಿಜನ್ ಮಾಸ್ಕ್ ಹಾಕಿಕೊಂಡಿದ್ದಳು. ನಮಗೆಲ್ಲ ಒಂದೊಂದು ದಿನ. ಕ್ಲೋರಿನ್ ಕುಡಿದ ಶ್ವಾಸಕೋಶ ಕೆಲವು ಗಂಟೆ ಸುಮ್ಮನಿದ್ದು ಆಮೇಲೆ ನೀರು ತುಂಬಿಕೊಳ್ಳಬಹುದು, ಅದಕ್ಕೇ ಕಾಯಬೇಕು ಎಂದರು ಡಾಕ್ಟರು. ವಯಸ್ಸಾದ, ಒಳ್ಳೆಯ ಮನುಷ್ಯ. ಎಷ್ಟು ಹೊತ್ತು ಒಳಗಿದ್ದಿರಿ, ಎಲ್ಲಿ ಮಲಗಿದ್ದಿರಿ ಎಂದು ಕೇಳಿ ಬರೆದುಕೊಂಡರು.

"ಇವಳು ಯಾವಾಗ ಎದ್ದಳು?"

"ಮೊದಲೇ ಎದ್ದಿದ್ದಳು."

"ಒಳ್ಳೆದಾಯ್ತು. ಇನ್ನೊಂದೈದು ನಿಮಿಷ ಕೆಳಗೇ ಇದ್ದಿದ್ರೆ..." ಎಂದು ನಿಲ್ಲಿಸಿ ಪೆನ್ನಿನ ಮುಚ್ಚಳ ಹಾಕಿದರು.

ಎದ್ದವಳನ್ನು ಎರಡು ಸಲ ಮಲಗಿಸಿದ್ದು ನಾನು ಎಂದು ಅವರಿಗೆ ಹೇಳಲಿಲ್ಲ. ಮಗಳು ಮಾಸ್ಕಿನ ಮೇಲಿಂದ ನನ್ನನ್ನೇ ನೋಡುತ್ತಿದ್ದಳು.

ಎರಡನೆಯ ದಿನ ಮ್ಯಾನೇಜರ್ ಹಣ್ಣಿನ ಬುಟ್ಟಿ ತಂದ. ಈಗ ಇಸ್ತ್ರಿ ಮಾಡಿದ ಅಂಗಿ, ಕುತ್ತಿಗೆಗೆ ಗುರುತಿನ ಚೀಟಿ. ಕ್ಷಮಿಸಿ ಎಂಬ ಒಂದು ಮಾತನ್ನು ಬಿಟ್ಟು ಬೇರೆಲ್ಲ ಹೇಳಿದ. ಇನ್ನೊಮ್ಮೆ ಉಚಿತವಾಗಿ ಬಂದು ತಂಗಬಹುದು ಎಂದ. ಪೊಲೀಸಿಗೆ ದೂರು ಕೊಡುತ್ತೇನೆ ಎಂದೆ. ಆಗ ಅವನ ದನಿ ಬದಲಾಯಿತು, ಆದರೆ ನಯ ಹೋಗಲಿಲ್ಲ.

"ಕೊಡಿ ಮೇಡಂ, ನಿಮ್ಮ ಹಕ್ಕು. ಆದ್ರೆ ಹಾಲಲ್ಲಿ ಕ್ಯಾಮೆರಾ ಇದೆ, ವಾಯ್ಸ್ ಕೂಡ ರೆಕಾರ್ಡ್ ಆಗತ್ತೆ. ಎಲ್ರೂ ಎದ್ದು ನಿಂತಾಗ ಏನೂ ಆಗಲ್ಲ ಮಲಗಿ ಅಂದಿದ್ದು ನಿಮ್ಮ ತಾಯಿಯವರು. ಹೌದು ಅಂದಿದ್ದು ನೀವು. ಸೈನ್ಸ್ ಟೀಚರ್ ಅಂತೆ."

"ಬೀಗ ಹಾಕಿದ್ದು ಯಾರು?"

"ಅದು ಸೇಫ್ಟಿಗೆ ಮೇಡಂ."

ನನ್ನ ಗಂಡ ಹಣ್ಣಿನ ಬುಟ್ಟಿಯನ್ನು ಎತ್ತಿ ಅವನ ಕೈಗೆ ಕೊಟ್ಟು, ಬಾಗಿಲ ತನಕ ಕರೆದುಕೊಂಡು ಹೋಗಿ ಬಿಟ್ಟು ಬಂದರು. ಅವ್ವ ಪಕ್ಕದ ಮಂಚದಲ್ಲಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ನಿದ್ದೆಯಲ್ಲಿದ್ದಾಳೆ ಎಂದುಕೊಂಡಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಗೋಡೆಗೇ ಹೇಳಿದಳು.

"ಅವನಂದಿದ್ದು ನಿಜ ತಾನೆ."

ಆ ಮನುಷ್ಯನ ಮೇಲೆ ನನಗಿರುವ ಸಿಟ್ಟಿಗೆ ಕಾರಣಗಳು ತುಂಬ ಇವೆ. ಬೀಗ ಇದೆ, ಚೀಟಿಯಿಲ್ಲದ ಬಾಟಲಿ ಇದೆ, ಒಂಬತ್ತು ಗಂಟೆಗೆ ತೆರೆಯುವ ತುರ್ತು ನಂಬರ್ ಇದೆ. ಆದರೆ ಅವೆಲ್ಲಕ್ಕಿಂತ ಮೇಲೆ ಇದು. ನಮ್ಮ ತಪ್ಪನ್ನು ಅವನು ಹುಡುಕಿ ತೆಗೆದು ನಮ್ಮ ಬಾಯಿಗೆ ಬೀಗದ ಹಾಗೆ ಉಪಯೋಗಿಸಿದ. ಅವ್ವನ ತಪ್ಪು ತಪ್ಪೇ. ಅದು ನಮ್ಮಂಥ ಮನೆಯವರು ಮಾತ್ರ ಮಾಡಬಲ್ಲ ತಪ್ಪು. ನಮ್ಮ ಅನ್ನ ಕಾಯ್ದ ವಾಸನೆಯನ್ನು ನಂಬಿದೆವು. ಅವನು ನಂಬಿದ್ದು ಯಾವುದನ್ನು?

ಮನೆಗೆ ಬಂದ ರಾತ್ರಿ ಮಗಳು ಮಲಗಲಿಲ್ಲ. ಮಲಗಲಿಲ್ಲ ಎಂದರೆ ಅಡ್ಡಾಗಲೇ ಇಲ್ಲ. ರಾಮನಗರದಲ್ಲಿ ನಮ್ಮದು ಮೊದಲನೇ ಮಹಡಿಯ ಬಾಡಿಗೆ ಮನೆ. ಹಾಲಿನಲ್ಲಿ ಎಲ್ಲರೂ ಸಾಲಾಗಿ ಹಾಸಿಗೆ ಹಾಸಿ ಮಲಗುವುದು ರೂಢಿ. ಅವಳು ಗೋಡೆಗೆ ಬೆನ್ನು ಕೊಟ್ಟು, ಮಂಡಿ ಮಡಚಿ ಕೂತಳು. ಕೂತಲ್ಲೇ ತೂಕಡಿಸಿದಳು. ತಲೆ ಜಾರಿದರೆ ಬೆಚ್ಚಿ ನೆಟ್ಟಗಾದಳು. ಮಂಚ ಹಾಕಿದೆವು, ಅದರ ಮೇಲೂ ಕೂತೇ ಇದ್ದಳು. ತಲೆ ಸವರಲು ನಾನು ಕೈ ಚಾಚಿದರೆ ಕುತ್ತಿಗೆ ಒಳಕ್ಕೆ ಎಳೆದುಕೊಳ್ಳುತ್ತಿದ್ದಳು. ಉಳಿದ ಹೊತ್ತಿನಲ್ಲಿ ಮೊದಲಿನ ಹಾಗೇ ಮಾತು, ನಗು, ಜಗಳ. ನನ್ನ ಕೈ ಅವಳ ಹಣೆಯ ಕಡೆ ಹೋದರೆ ಮಾತ್ರ ಹೀಗೆ. ಡಾಕ್ಟರಿಗೆ ತೋರಿಸಿದೆವು. ಎದೆ ಸರಿಯಾಗಿದೆ, ನಿದ್ದೆ ಬರಬೇಕು, ಇಲ್ಲದಿದ್ದರೆ ಬೇರೆ ತೊಂದರೆ ಶುರುವಾಗುತ್ತದೆ ಎಂದರು. ಹತ್ತು ದಿನಕ್ಕೆ ಅವಳ ಕಣ್ಣಿನ ಕೆಳಗೆ ಕಪ್ಪಾಯಿತು. ಶಾಲೆಯಲ್ಲಿ ಡೆಸ್ಕಿನ ಮೇಲೆ ತಲೆ ಇಟ್ಟು ನಿದ್ದೆ ಹೋದಳು ಎಂದು ಅವಳ ಟೀಚರ್ ಹೇಳಿದರು.

ಆ ವಾರವೇ ಊರಿನಲ್ಲಿ ಮರಿಹುಳು ಬಂತು. ಅವ್ವ ಅವನ್ನು ಅಣ್ಣ ಅತ್ತಿಗೆಯ ಕೈಗೆ ಬಿಟ್ಟು, ಚೀಲ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಹುಳು ಮನೆಯಲ್ಲಿರುವಾಗ ಅವ್ವ ಊರು ಬಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಯಾಕವ್ವ ಬಂದೆ?" ಎಂದೆ.

"ಅಲ್ಲಿ ಬಾಗ್ಲಲ್ಲಿ ಆ ನೀರು ಮಡಗವ್ರೆ. ಕಾಲಿಕ್ಕಕ್ ಆಗ್ನಿಲ್ಲ." ಆಮೇಲೆ, "ಆ ಮಗ ಎದ್ದೇಳು ಅಂದಾಗ ನಾನ್ ಬಾಯ್ ಮುಚ್ಕಂಡಿದ್ರೆ ಸಾಕಾಗಿತ್ತು" ಎಂದಳು.

ಅವಳೂ ರಾತ್ರಿ ಮೊಮ್ಮಗಳ ಎದುರು ಗೋಡೆಗೆ ಒರಗಿ ಕೂತಳು. ಇಬ್ಬರೂ ಹಾಗೇ ಬೆಳಗು ಮಾಡಿದರು.

ನಾನು ದೂರು ಬರೆದೆ. ಮೂರು ಹಾಳೆ. ಅವ್ವ ಹೇಳಿದ ಮಾತು, ನಾನು ಹೌದು ಅಂದದ್ದು, ಎಲ್ಲವನ್ನೂ ಮೊದಲನೇ ಪ್ಯಾರಾದಲ್ಲೇ ಬರೆದೆ. ಅದನ್ನು ತೋರಿಸಿ ಹೆದರಿಸುವ ಕೆಲಸ ಅವನಿಗೆ ಉಳಿಯಬಾರದು ಎಂದು. ದೂರು ದಾಖಲಾಗಿದೆ, ವಿಚಾರಣೆ ನಡೆಯುತ್ತಿದೆ. ಕೆಲಸ ಕಳೆದುಕೊಂಡ ಹೆಂಗಸು ನನ್ನ ಜೊತೆ ಬಂದು ಸಾಕ್ಷಿ ಹೇಳಿದಳು. ಪಾರ್ಕು ಕೆಲವು ದಿನ ಮುಚ್ಚಿತ್ತು. ಮತ್ತೆ ತೆರೆದಾಗ ಬಾಗಿಲಲ್ಲಿ ಹೊಸ ಬೋರ್ಡು ಹಾಕಿದ್ದರು. ನೋಡಿಬಂದವರು ಫೋಟೊ ಕಳಿಸಿದರು. ಮಕ್ಕಳ ಸುರಕ್ಷತೆ ಪೋಷಕರ ಜವಾಬ್ದಾರಿ, ಎಂದು ಅದರಲ್ಲಿತ್ತು. ಆ ಫೋಟೊ ನೋಡಿ ನಾನು ಅಡುಗೆಮನೆಯಲ್ಲಿ ಒಂದು ಸ್ಟೀಲ್ ಲೋಟವನ್ನು ಗೋಡೆಗೆ ಎಸೆದೆ. ಅದು ಒಡೆಯುವುದಿಲ್ಲವೆಂದು ಗೊತ್ತಿದ್ದೇ ಎಸೆದೆ.

ಅದೇ ಸಂಜೆ ಮಗಳ ಮುಂದೆ ಕೂತೆ. ಅದುವರೆಗೆ ಹೆದರಬೇಡ, ಇಲ್ಲಿ ಏನೂ ಆಗಲ್ಲ, ಮಲಗು ಎಂದೇ ಹೇಳುತ್ತಿದ್ದೆ. ಅವು ಅವತ್ತಿನ ಬೆಳಿಗ್ಗೆಯ ಮಾತುಗಳೇ ಎಂದು ನನಗೆ ಹೊಳೆಯಲು ಅಷ್ಟು ದಿನ ಬೇಕಾಯಿತು.

"ನೀನು ಏಳು ಅಂದಾಗ ನಾನು ಏಳ್ಬೇಕಿತ್ತು. ನಿನ್ನನ್ನ ಮಲಗಿಸಿದ್ದು ನನ್ನ ತಪ್ಪು. ನೀನು ಹೇಳಿದ್ದೇ ಸರಿ" ಎಂದೆ.

ಅವಳು ಕಾಲಿನ ಬೆರಳು ನೋಡಿಕೊಂಡು, "ಅಜ್ಜೀದೂ ತಪ್ಪು" ಎಂದಳು.

"ನಂದೂ ಕಣ್ ಮಗ" ಎಂದಳು ಅವ್ವ.

"ಅಪ್ಪಂದು?"

"ನಾನು ಗೊರಕೆ ಹೊಡೀತಿದ್ದೆ. ಅದೂ ತಪ್ಪೇ" ಎಂದರು ಇವರು.

"ಮತ್ತೆ ಏಳು ಅಂದ್ರೆ ಏಳ್ತೀರಾ?"

"ಏಳ್ತೀವಿ."

"ಯಾಕೆ ಅಂತ ಕೇಳ್ಬಾರ್ದು."

"ನಮ್ಮ ಫ್ಯಾಕ್ಟರೀಲೂ ಅದೇ ರೂಲು" ಎಂದರು ಇವರು. "ಸೈರನ್ ಆದ್ರೆ ಮೊದಲು ಹೊರಗೆ. ಪ್ರಶ್ನೆ ಏನಿದ್ರೂ ಆಮೇಲೆ."

ಅವಳು ನಂಬಲಿಲ್ಲ. ಪರೀಕ್ಷೆ ಮಾಡಿದಳು. ಅವತ್ತು ರಾತ್ರಿ ಒಂದು ಗಂಟೆಗೆ, ಮೂರು ಗಂಟೆಗೆ, ಐದು ಗಂಟೆಗೆ "ಏಳಿ" ಎಂದಳು. ಮೂರು ಸಲವೂ ನಾವು ನಾಲ್ಕೂ ಜನ ಬಾಗಿಲು ತೆಗೆದು ಮೆಟ್ಟಿಲಿಳಿದು ಬೀದಿಗೆ ಬಂದು ನಿಂತೆವು. ಅವಳು ಎಲ್ಲರನ್ನೂ ಎಣಿಸಿ "ಸರಿ" ಎಂದ ಮೇಲೆ ಹತ್ತಿದೆವು. ಮಾರನೆಯ ರಾತ್ರಿಯೂ ಅಷ್ಟೇ. ಬೀದಿ ನಾಯಿಗಳು ಮೊದಲ ವಾರ ಬೊಗಳಿ ಆಮೇಲೆ ಸುಮ್ಮನಾದವು. ಕೆಳಗಿನ ಮನೆಯವರು ಒಂದು ದಿನ ಕಿಟಕಿಯಿಂದ, "ಏನ್ ಮೇಡಂ, ವಾಕಿಂಗಾ? ಡಾಕ್ಟರ್ ಬೆಳಿಗ್ಗೆ ಹೋಗಿ ಅಂದಿರ್ತಾರೆ ನೋಡಿ" ಎಂದರು. ಮಂಡಿನೋವಿನ ಅವ್ವ ಎಲ್ಲರಿಗಿಂತ ಮೊದಲು ಕೆಳಗಿರುತ್ತಿದ್ದಳು, ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು.

ಒಂದು ರಾತ್ರಿ ಇವರು ಏಳಲಿಲ್ಲ. "ಬೆಳಿಗ್ಗೆ ಫಸ್ಟ್ ಶಿಫ್ಟ್ ಇದೆ ಪುಟ್ಟ, ಇದೊಂದ್ಸಲ ಬಿಟ್ಬಿಡು" ಎಂದು ಹೊದ್ದುಕೊಂಡರು. ಅವಳು ಮಂಡಿ ಮಡಚಿ ಕೂತು, ಕಣ್ಣು ಮಿಟುಕಿಸದೆ ಬೆಳಗು ಮಾಡಿದಳು. ಬೆಳಿಗ್ಗೆ ಅವ್ವ ಅಳಿಯನಿಗೆ ಕಾಫಿ ಕೊಡುತ್ತ, "ನಂಗೆ ಅರವತ್ತೆಂಟಪ್ಪ, ನಾನೇ ಇಳೀತೀನಿ. ನಿಮ್ಗೆ ಭಾರನಾ?" ಎಂದಳು. ಅವರು ಆಮೇಲೆ ಒಂದು ದಿನವೂ ತಪ್ಪಿಸಲಿಲ್ಲ. ಸುಸ್ತಿನಿಂದ ನನಗೆ ತರಗತಿಯಲ್ಲಿ ಮಾತು ತಡವರಿಸುತ್ತಿತ್ತು. ಒಂದೊಂದು ರಾತ್ರಿ ಬೀದಿಯಲ್ಲಿ ನಿಂತು ಆ ಮ್ಯಾನೇಜರ್ ಈಗ ಹಾಯಾಗಿ ನಿದ್ದೆ ಮಾಡುತ್ತಿರುತ್ತಾನೆ ಎಂದು ಯೋಚಿಸುತ್ತಿದ್ದೆ. ಅವನ ಮನೆಯ ಮುಂದೆ ಹೋಗಿ ನಿಂತು ನಾವು ನಾಲ್ಕೂ ಜನ ಕೂಗಬೇಕು ಎನಿಸುತ್ತಿತ್ತು.

ಮೂರು ಸಲ ಇದ್ದದ್ದು ಎರಡಾಯಿತು. ಎಷ್ಟೋ ದಿನಗಳ ಮೇಲೆ ಒಂದಾಯಿತು. ಒಂದು ರಾತ್ರಿ ಅವಳು ಬೀದಿಯಿಂದ ಹತ್ತಿ ಬಂದ ಮೇಲೆ ಗೋಡೆಯ ಹತ್ತಿರ ಹೋಗದೆ, ಅವ್ವನ ತೊಡೆಯ ಮೇಲೆ ತಲೆ ಇಟ್ಟಳು. ಅವ್ವ ತಲೆ ಸವರಲು ಕೈಯೆತ್ತಿದವಳು ಹಾಗೇ ಗಾಳಿಯಲ್ಲಿ ಹಿಡಿದು, ಮುಟ್ಟದೆ ಪಕ್ಕಕ್ಕೆ ಇಟ್ಟುಕೊಂಡಳು.

ಕಡೆಗೆ ಒಂದು ಭಾನುವಾರದ ರಾತ್ರಿ. ಊಟ ಮಾಡಿ ಎಲ್ಲರೂ ಹಾಸಿಗೆ ಹಾಸಿದೆವು. ಅವಳು ಕೂತಿದ್ದಳು. ನಾನು ಕರೆಗಾಗಿ ಕಾಯುತ್ತ ಕಿವಿ ನೆಟ್ಟಗೆ ಮಾಡಿಕೊಂಡೇ ಕಣ್ಣು ಮುಚ್ಚಿದೆ.

ಎಚ್ಚರವಾದದ್ದು ಕೆಳಗಿನ ಮನೆಯ ಕುಕ್ಕರ್ ಕೂಗಿದಾಗ. ಕಿಟಕಿಯಲ್ಲಿ ಬಿಸಿಲು ಬಿದ್ದಿತ್ತು. ಗೋಡೆಯ ಹತ್ತಿರ ಅವಳಿರಲಿಲ್ಲ. ನನ್ನ ಎದೆ ಒಂದು ಕ್ಷಣ ಆ ಮೀನಿನ ಹಾಲಿಗೆ ಹೋಗಿ ಬಂತು. ಅವಳು ನನ್ನ ಕಾಲಿನ ಹತ್ತಿರ, ದಿಂಬಿಲ್ಲದೆ, ನೆಲಕ್ಕೆ ಕೆನ್ನೆ ಕೊಟ್ಟು ಅಡ್ಡಡ್ಡ ಮಲಗಿದ್ದಳು. ಬಾಯಿ ತೆರೆದಿತ್ತು, ಜೊಲ್ಲು ಸುರಿದಿತ್ತು. ಬೆನ್ನು ಏರಿಳಿಯುವುದನ್ನು ಎಣಿಸಿದೆ. ಅದರಲ್ಲಿ ಸೀಟಿ ಇರಲಿಲ್ಲ. ಅವ್ವ ಕೂತಲ್ಲಿಂದ ಯಾವಾಗಲೋ ಜಾರಿ ಮಲಗಿ ಗೊರಕೆ ಹೊಡೆಯುತ್ತಿದ್ದಳು. ಇವರ ಕಂಪನಿ ಬಸ್ಸು ಹೋಗಿ ಒಂದು ಗಂಟೆಯಾಗಿತ್ತು. ನನ್ನ ಶಾಲೆಯ ಗಂಟೆ ಹೊಡೆಯಲು ಇಪ್ಪತ್ತು ನಿಮಿಷವಿತ್ತು.

ವಿಚಾರಣೆಗೆ ಆ ವಾರ ನಾನು ಮತ್ತೆ ಹೋಗಬೇಕಿತ್ತು. ಹೋಗಿದ್ದೇನೆ, ಇನ್ನೂ ಹೋಗುತ್ತಿದ್ದೇನೆ, ಬಿಡುವುದಿಲ್ಲ. ಅವತ್ತು ಮಾತ್ರ ಎದ್ದು ಕುಳಿತವಳು ಅಲ್ಲೇ ಕುಳಿತಿದ್ದೆ. ಮಗಳು ತಾನಾಗಿ ಏಳುವ ತನಕ ಯಾರನ್ನೂ ಎಬ್ಬಿಸಲಿಲ್ಲ.